ಮೊದಲ ಸಂಬಳ ಬರುವವರೆಗೆ

ಜಯನಗರದ ನಾಲ್ಕನೆಯ ಬ್ಲಾಕಿಗೆ ಹೊಂದಿಕೊಂಡ ಅಡ್ಡರಸ್ತೆಯೊಂದರಲ್ಲಿ, ಅಂಗಳದಲ್ಲಿ ಸಂಪಿಗೆಯ ಮರವಿರುವ ಒಂದು ಮನೆಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬಹುದು. ಜುಲೈ ತಿಂಗಳ ಒಂದು ಶನಿವಾರದ ಸಂಜೆ. ಮನೆಯ ಹಿರಿಯ ಮಗಳು ಬಿ.ಕಾಂ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಿಂದ ನೇಮಕದ ಪತ್ರವೂ ಬಂದಿದೆ. ಒಳಗೆ ಕೇಸರಿಭಾತಿನ ಘಮಘಮ. ಹೊರಗೆ ನೆಂಟರಿಷ್ಟರ ಚಪ್ಪಲಿಗಳ ರಾಶಿ. ಬಂದವರೆಲ್ಲರೂ ಹುಡುಗಿಯನ್ನು ಹರಸಿ, ಕೈಯಲ್ಲಿ ಒಂದೊಂದು ಪೊಟ್ಟಣವನ್ನಿಟ್ಟು, ಫಲಹಾರ ಮುಗಿಸಿ ಬೀಳ್ಕೊಂಡರು.

ರಾತ್ರಿ ತಾಯಿಮಗಳು ಕುಳಿತು ಪೊಟ್ಟಣಗಳನ್ನು ಬಿಚ್ಚಿದರು. ಗೋಡೆಯ ಗಡಿಯಾರಗಳು ಮೂರು. ಗಾಜಿನ ಲೋಟಗಳ ಪೆಟ್ಟಿಗೆ ಎರಡು. ಬೆಳ್ಳಿಯ ಮುಲಾಮಿನ ಗಣಪತಿ ಒಂದು, ಹೂದಾನಿ ಎರಡು, ಹೆಸರು ಕೊರೆಸಿದ ಸ್ಟೀಲಿನ ಡಬ್ಬಿಗಳ ಸಾಲು ಒಂದು. ಎಲ್ಲದರ ಬೆಲೆಯನ್ನು ಕೂಡಿದರೆ ಹದಿನೈದು ಸಾವಿರಕ್ಕೆ ಕಡಿಮೆಯಾಗದು. ಲಕೋಟೆಗಳಲ್ಲಿ ಬಂದ ನಗದು ಮಾತ್ರ 1,203 ರೂಪಾಯಿ.

ಮಗಳು ಗಣಪತಿಯನ್ನು ಒರೆಸಿ ಗೂಡಿನಲ್ಲಿಟ್ಟಳು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದಳು: "ಅಮ್ಮ, ಅಪ್ಪನ ಹತ್ತಿರ ಒಂದು ಎಂಟು ಸಾವಿರ ಕೇಳಲೇ? ಕಚೇರಿಗೆ ಹಾಕಿಕೊಂಡು ಹೋಗಲು ಎರಡು ಜೊತೆ ಬಟ್ಟೆ, ಒಂದು ಜೊತೆ ಬೂಟು ಬೇಕು. ಸಂಬಳ ಬಂದ ಕೂಡಲೇ ಹಿಂದಿರುಗಿಸುತ್ತೇನೆ."

ಮೂರು ಗಡಿಯಾರಗಳ ನಡುವೆ ಕುಳಿತ ಹುಡುಗಿಗೆ ಕಾಲಿಗೊಂದು ಜೊತೆ ಬೂಟಿಲ್ಲ. ಇಂತಹ ಮನೆ ಇದೊಂದೇ ಅಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಬೀದಿಗೊಂದರಂತೆ ಸಿಕ್ಕೀತು. ಕೊಡುವವರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಖರ್ಚು ಮಾಡುವುದರಲ್ಲಿ ಜಿಪುಣತನವೂ ಇಲ್ಲ. ಕೊರತೆಯಿರುವುದು ಒಂದು ಪ್ರಶ್ನೆಗೆ ಮಾತ್ರ: ಈ ಮಗುವಿಗೆ ಈಗ, ಈ ತಿಂಗಳು, ಬೇಕಾದುದೇನು?

ನಲವತ್ತು ದಿನಗಳ ಲೆಕ್ಕ

ಅದೇ ಸಂಜೆ ಆ ಮನೆಯ ಮೂಲೆಯ ಕುರ್ಚಿಯಲ್ಲಿ ಇನ್ನೊಬ್ಬ ಪದವೀಧರನೂ ಕುಳಿತಿದ್ದ. ಮನೆಯೊಡತಿಯ ತಂಗಿಯ ಮಗ, ಅರಸೀಕೆರೆಯವನು. ಅವನಿಗೂ ಅದೇ ವರ್ಷ ಪದವಿ, ಅದೇ ತಿಂಗಳು ನೌಕರಿ. ಬಂದವರಲ್ಲಿ ಒಬ್ಬರು ಅವನ ಕೈಗೂ ಒಂದು ಲೇಖನಿಯ ಪೆಟ್ಟಿಗೆಯನ್ನಿತ್ತರು. ದೊಡ್ಡಮ್ಮನ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಸ್ಥಳವಿಲ್ಲವಾದುದರಿಂದ ಅವನು ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಯೊಂದರಲ್ಲಿ ಇರಬೇಕು.

ಅವನ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಿಂಗಳಿಗೆ ಕೈಗೆ ಬರುವ ಸಂಬಳ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೆಲಸಕ್ಕೆ ಸೇರುವ ದಿನ ಜುಲೈ 22. ಅನೇಕ ಕಚೇರಿಗಳಲ್ಲಿ ಆಯಾ ತಿಂಗಳ ಸಂಬಳದ ಪಟ್ಟಿ ಇಪ್ಪತ್ತನೆಯ ತಾರೀಖಿನ ಹೊತ್ತಿಗೇ ಮುಗಿದಿರುತ್ತದೆ. ಆದುದರಿಂದ ಜುಲೈ ತಿಂಗಳ ಹತ್ತು ದಿನಗಳ ಸಂಬಳವೂ ಆಗಸ್ಟಿನ ಸಂಬಳವೂ ಕೂಡಿ ಆಗಸ್ಟ್ 31ಕ್ಕೆ ಬರುತ್ತವೆ: ಸುಮಾರು 33,000. ಅಷ್ಟರೊಳಗೆ ಆಗುವ ಖರ್ಚೇನು? ಹಂಚಿಕೊಂಡ ಕೊಠಡಿಯ ಬಾಡಿಗೆ ತಿಂಗಳಿಗೆ 9,000 ಎಂದರೂ ಮುಂಗಡ 9,000, ಎರಡು ತಿಂಗಳ ಬಾಡಿಗೆ 18,000. ಮಧ್ಯಾಹ್ನದ ಊಟ ಮತ್ತು ಓಡಾಟಕ್ಕೆ ದಿನಕ್ಕೆ 150ರಂತೆ ನಲವತ್ತು ದಿನಗಳಿಗೆ 6,000. ಬಟ್ಟೆ, ಬೂಟು, ಒಂದು ಚೀಲಕ್ಕೆ 5,000. ಒಟ್ಟು 38,000. ಮೊದಲ ಸಂಬಳ ಕೈಗೆ ಬಂದ ಮೇಲೂ ಹುಡುಗ ಐದು ಸಾವಿರ ರೂಪಾಯಿಗಳ ಸಾಲಗಾರ!

ಈ ನಲವತ್ತು ದಿನಗಳಲ್ಲಿಯೇ ಮೊಬೈಲಿನೊಳಗಿನ ಸಾಲದ ಅಂಗಡಿಗಳು ಅವನನ್ನು ಕೈಬೀಸಿ ಕರೆಯುವುದು. ಐದು ನಿಮಿಷಗಳಲ್ಲಿ ಹಣ. ಆಮೇಲೆ ತಿಂಗಳುಗಟ್ಟಲೆ ಕಂತು. ಅನೇಕರ ಸಾಲದ ಅಭ್ಯಾಸ ಶುರುವಾಗುವುದು ದುಂದುಗಾರಿಕೆಯಿಂದಲ್ಲ, ಈ ಸಣ್ಣ ಹಳ್ಳವನ್ನು ದಾಟಲು ಸೇತುವೆಯಿಲ್ಲದುದರಿಂದ.

ಕೆಲವರಿಗೆ ಈ ಹಳ್ಳ ನದಿಯೇ ಆಗುವುದುಂಟು. 2022ರಲ್ಲಿ ಆಯ್ಕೆಯಾದ ಕೆಲವು ತಂತ್ರಾಂಶ ಪದವೀಧರರು 2024ರವರೆಗೂ ಸೇರ್ಪಡೆಯ ದಿನಾಂಕಕ್ಕಾಗಿ ಕಾದ ಸುದ್ದಿಯನ್ನು ಪತ್ರಿಕೆಗಳ ಓದುಗರು ಮರೆತಿರಲಾರರು. ಕೈಯಲ್ಲಿ ನೇಮಕದ ಪತ್ರ, ಜೇಬಿನಲ್ಲಿ ಕಾಸಿಲ್ಲ. ಪದವಿ ಪಡೆದು 180 ದಿನಗಳಾದರೂ ಕೆಲಸ ಸಿಗದವರಿಗಾಗಿ ಕರ್ನಾಟಕ ಸರ್ಕಾರ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭಿಸಿದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷಗಳ ಮಿತಿಯೊಳಗೆ ಕೊಡುವ ಏರ್ಪಾಡು. ಆದರೆ ಆ ಮೊದಲ ಆರು ತಿಂಗಳು ಮನೆಯವರೇ ಗತಿ, ನೆಂಟರೇ ಗತಿ.

ಹಿಂದಿನವರು ಏನು ಕೊಡುತ್ತಿದ್ದರು?

ಹಿಂದಿನ ತಲೆಮಾರಿನವರ ಉಡುಗೊರೆಗಳಲ್ಲಿ ಒಂದು ವ್ಯವಹಾರಜ್ಞಾನವಿತ್ತು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ, ಪದವಿ ಮುಗಿಸಿದ ಮಗನಿಗೆ ತಂದೆ ಎಚ್.ಎಂ.ಟಿ. ಗಡಿಯಾರ ಕಟ್ಟುವುದು ಒಂದು ಸಂಪ್ರದಾಯವೇ ಆಗಿಹೋಯಿತು. ಅದು ಅಲಂಕಾರವಾಗಿರಲಿಲ್ಲ. ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವನಿಗೆ ಗಡಿಯಾರ ಬೇಕಿತ್ತು, ಕೊಳ್ಳಲು ಅವನಲ್ಲಿ ಹಣವಿರಲಿಲ್ಲ, ತಂದೆ ಕೊಟ್ಟ. ಆ ಕೈಗಡಿಯಾರದ ಕಾರ್ಖಾನೆಗಳನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿತ್ತು. ಇಂದು ಹೊತ್ತನ್ನು ಮೊಬೈಲೇ ತೋರಿಸುತ್ತದೆ. ಗಡಿಯಾರ ಕೊಡುವ ರೂಢಿ ಮಾತ್ರ, ಅದರ ಕಾರಣವನ್ನು ಕಳೆದುಕೊಂಡು, ಗೋಡೆಗೆ ಏರಿ ಕುಳಿತಿದೆ.

ಇನ್ನೂ ಹಿಂದಕ್ಕೆ ಹೋದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಒಬ್ಬ ಬಡ ವಿದ್ಯಾರ್ಥಿ ನೆನಪಾಗುತ್ತಾನೆ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಆ ತರುಣ, ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ಖರ್ಚನ್ನು ತೂಗಿಸಿಕೊಂಡು 1881ರಲ್ಲಿ ಬಿ.ಎ. ಪದವಿ ಪಡೆದ. ಅವನೇ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರೆಂದು ನಾಡಿಗೆ ಪರಿಚಿತನಾದವನು. ಅವರಿಗೆ ದೊರೆತ ಮೂರು ಕೊಡುಗೆಗಳನ್ನು ಜೀವನಚರಿತ್ರೆಗಳು ಉಲ್ಲೇಖಿಸುತ್ತವೆ. ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಕೊಟ್ಟ ವೆಬ್‌ಸ್ಟರ್ ನಿಘಂಟು ಒಂದು. ಅದೇ ವಾಟರ್ಸ್ ತಮ್ಮ ಮರಣಪತ್ರದಲ್ಲಿ ಪ್ರಿಯ ಶಿಷ್ಯನಿಗಾಗಿ ಬಿಟ್ಟುಹೋದ ಚಿನ್ನದ ತೋಳುಗುಂಡಿಗಳು ಇನ್ನೊಂದು. ಮೂರನೆಯದು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸಂಸ್ಥಾನ ಕೊಟ್ಟ ವಿದ್ಯಾರ್ಥಿವೇತನ.

ಚಿನ್ನದ ಗುಂಡಿಗಳು ಬಂದಾಗ ಶಿಷ್ಯನಿಗೆ ಅವುಗಳ ಅಗತ್ಯವಿರಲಿಲ್ಲ. ಅದು ಶುದ್ಧ ವಾತ್ಸಲ್ಯದ ಗುರುತು, ಅದಕ್ಕೆ ಅದರದೇ ಬೆಲೆಯಿದೆ. ನಿಘಂಟು ದಿನನಿತ್ಯ ಕೈಗೆ ಬಂದಿತು. ಆದರೆ ಬಿ.ಎ. ಮುಗಿದ ಮರುದಿನ, ಮುಂದೇನು ಎಂದು ನಿಂತ ಬಡ ಹುಡುಗನ ಬದುಕಿನ ದಿಕ್ಕನ್ನು ಬದಲಿಸಿದುದು ವಿದ್ಯಾರ್ಥಿವೇತನ. 1883ರಲ್ಲಿ ಆತ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾದ. 1884ರಲ್ಲಿ ಮುಂಬಯಿ ಸರ್ಕಾರದ ನೌಕರಿಗೆ ಸೇರಿದ. ಉಡುಗೊರೆಯ ಶಾಸ್ತ್ರವೆಲ್ಲ ಈ ಮೂರರಲ್ಲಿ ಅಡಗಿದೆ: ನೆನಪಿಗಾಗಿ ಕೊಡುವುದು ಬೇರೆ, ಬಳಕೆಗಾಗಿ ಕೊಡುವುದು ಬೇರೆ, ಹೊತ್ತಿಗೆ ಒದಗುವಂತೆ ಕೊಡುವುದು ಬೇರೆ.

ಮುಯ್ಯಿಯ ಪುಸ್ತಕ ಮತ್ತೆ ತೆರೆಯಲಿ

ಹೊತ್ತಿಗೆ ಒದಗುವಂತೆ ಕೊಡುವ ಏರ್ಪಾಡು ಕನ್ನಡನಾಡಿಗೆ ಹೊಸದಲ್ಲ. ಮದುವೆಮನೆಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರೆಂದು ಬರೆಯುತ್ತಿದ್ದ ಮುಯ್ಯಿಯ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಮಾಯವಾಗಿಲ್ಲ. ಹತ್ತು ಮನೆಯವರು ಕೂಡಿಸಿದ ಹಣದಿಂದ ಒಂದು ಮನೆಯ ಕಾರ್ಯ ನಡೆಯುತ್ತಿತ್ತು; ಮುಂದೆ ಆ ಹತ್ತು ಮನೆಗಳಲ್ಲಿ ಕಾರ್ಯ ಬಂದಾಗ ಈ ಮನೆಯವರು ತಮ್ಮ ಪಾಲನ್ನು ಸಲ್ಲಿಸುತ್ತಿದ್ದರು. ಪಟ್ಟಣದ ಮಧ್ಯಮವರ್ಗದವರು ಇದನ್ನು ಹಳೆಯ ಕಾಲದ್ದೆಂದು ಬದಿಗೊತ್ತಿದರು. ನಗದು ಕೊಟ್ಟರೆ ಕೈಬಿಚ್ಚಿ ಕೊಡಲಿಲ್ಲವೆಂದಾದೀತು, ವಸ್ತು ಕೊಟ್ಟರೆ ಮರ್ಯಾದೆ ಎಂಬ ಭಾವನೆ ಬೆಳೆಯಿತು.

ಆದರೆ ಹತ್ತು ಮಂದಿ ನೆಂಟರು ತಲಾ ಎರಡು ಸಾವಿರದ ಹೂದಾನಿ, ಗಡಿಯಾರಗಳನ್ನು ಕೊಡುವ ಬದಲು ಆ ಹಣವನ್ನೇ ಕೂಡಿಸಿದರೆ 20,000 ರೂಪಾಯಿ. ಅರಸೀಕೆರೆಯ ಹುಡುಗನ ಮುಂಗಡವೂ ಮೊದಲ ತಿಂಗಳ ಬಾಡಿಗೆಯೂ ಅದರಲ್ಲೇ ಸಂದು, ಎರಡು ಸಾವಿರ ಉಳಿಯುತ್ತದೆ. ಹನಿಗೂಡಿದರೆ ಹಳ್ಳವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಸ್ವಂತ ಮನೆಯನ್ನು ಬಾಡಿಗೆಗೆ ಹಿಡಿಯಬೇಕಾದವರಿಗಂತೂ ಇಂತಹ ಕೂಡುಹಣವಿಲ್ಲದೆ ಸಾಗದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಗೆ ಬೆಂಗಳೂರು ಹೆಸರಾದ ಊರು. ಎಷ್ಟೋ ಮನೆಗಳವರು ಈಗ ಕಡಿಮೆಗೆ ಒಪ್ಪಿದರೂ ಅದು ಸಣ್ಣ ಮೊತ್ತವಲ್ಲ.

ಹಣ ಕೂಡಿಸುವಾಗ ಕಾನೂನಿನ ಒಂದು ಮಾತು ನೆನಪಿರಲಿ. ತಂದೆತಾಯಿ, ಅಜ್ಜಅಜ್ಜಿ, ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ ಮುಂತಾದ ಹತ್ತಿರದ ಸಂಬಂಧಿಗಳು ಕೊಟ್ಟ ಉಡುಗೊರೆಗೆ ಆದಾಯ ತೆರಿಗೆಯಿಲ್ಲ, ಮೊತ್ತ ಎಷ್ಟೇ ಇರಲಿ. ಸ್ನೇಹಿತರು ಮತ್ತು ದೂರದ ಬಂಧುಗಳಿಂದ ಒಂದು ವರ್ಷದಲ್ಲಿ ಬಂದ ಹಣದ ಮೊತ್ತ 50,000 ರೂಪಾಯಿಗಳನ್ನು ಮೀರಿದರೆ ಮಾತ್ರ ಅದು ಆದಾಯವೆಂದು ಗಣನೆಗೆ ಬರುತ್ತದೆ. ಮದುವೆಯ ಉಡುಗೊರೆಗಿರುವ ವಿನಾಯಿತಿ ಪದವಿಯ ಉಡುಗೊರೆಗಿಲ್ಲ.

ನಗದಲ್ಲದಿದ್ದರೆ ಏನು?

ನಗದು ಕೊಡಲು ಮನಸ್ಸು ಒಪ್ಪದವರಿಗೂ ದಾರಿಗಳುಂಟು. ಮೊದಲನೆಯದು ಪ್ರಯಾಣ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಮೆಟ್ರೋ ಆರಂಭವಾದ ಮೇಲೆ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಬಡಾವಣೆಗಳವರು ಎಲೆಕ್ಟ್ರಾನಿಕ್ ಸಿಟಿಯನ್ನು ಸಿಲ್ಕ್ ಬೋರ್ಡಿನ ವಾಹನಸಾಗರಕ್ಕೆ ಸಿಲುಕದೆ ಮುಟ್ಟಬಹುದು. ಪದವೀಧರನ ಹೆಸರಿನಲ್ಲಿ ಒಂದು ಮೆಟ್ರೋ ಕಾರ್ಡನ್ನು ಕೊಂಡು ಎರಡು ತಿಂಗಳಿಗಾಗುವಷ್ಟು ಹಣ ತುಂಬಿಸಿ ಕೊಟ್ಟರೆ, ಪ್ರತಿ ಬೆಳಗ್ಗೆ ಗೇಟು ತೆರೆದಾಗ ಕೊಟ್ಟವರ ನೆನಪಾಗದಿರದು. ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವಿರುವುದರಿಂದ ಅವರಿಗೆ ಬಸ್ಸಿನ ಪಾಸಿಗಿಂತ ಮೆಟ್ರೋ ಕಾರ್ಡೇ ಮೇಲು.

ಎರಡನೆಯದು ಬಟ್ಟೆ ಮತ್ತು ಪಾದರಕ್ಷೆ. ಆದರೆ ನೆಂಟರೇ ಆರಿಸಿ ತಂದ ಅಂಗಿ ಬಹಳ ಸಲ ಬೀರುವಿನಲ್ಲೇ ಉಳಿಯುತ್ತದೆ. ಹುಡುಗಿಯನ್ನು ಜೊತೆಗೆ ಕರೆದುಕೊಂಡು ನಾಲ್ಕನೆಯ ಬ್ಲಾಕಿನ ಅಂಗಡಿಗೆ ಹೋಗಿ, "ನಿನಗೆ ಹಿಡಿಸಿದುದನ್ನು ತೆಗೆದುಕೋ ಮಗು" ಎನ್ನುವ ಚಿಕ್ಕಮ್ಮ, ಬೂಟಿನ ಜೊತೆಗೆ ಒಂದು ಸಂತೋಷದ ಸಂಜೆಯನ್ನೂ ಕೊಟ್ಟಂತಾಯಿತು. ಬೇರೆ ಮನೆ ಹೂಡುವವರಿಗೆ ಮೂರು ಲೀಟರಿನ ಒಂದು ಕುಕ್ಕರು, ಒಂದು ದೋಸೆಕಾವಲಿ, ಇಂಡಕ್ಷನ್ ಒಲೆ ಇಷ್ಟಿದ್ದರೆ ಹೋಟೆಲಿನ ಖರ್ಚು ಅರ್ಧ ಇಳಿದೀತು.

ಮೂರನೆಯದು ಆರೋಗ್ಯ. ತಂದೆಯ ಕುಟುಂಬ ವಿಮೆಯಲ್ಲಿ ಅವಲಂಬಿತ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷದವರೆಗೆ ರಕ್ಷಣೆ ಇರುತ್ತದೆ. ಕಚೇರಿಯ ಗುಂಪು ವಿಮೆ ನೌಕರಿ ಬಿಟ್ಟ ಕೂಡಲೇ ಕೊನೆಗೊಳ್ಳುತ್ತದೆ. ಈ ಎರಡರ ನಡುವೆ ಬೀಳುವ ತರುಣರೂ ಉಂಟು. ಆರೋಗ್ಯವಂತ ತರುಣರಿಗೆ ಸ್ವಂತ ಆರೋಗ್ಯ ವಿಮೆಯ ವಾರ್ಷಿಕ ಕಂತು ಹಿರಿಯರ ಕಂತಿಗಿಂತ ಬಹಳ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ.ಯನ್ನೂ ತೆಗೆದುಹಾಕಲಾಯಿತು. ಮೊದಲ ವರ್ಷದ ಕಂತನ್ನು ಅಜ್ಜ ಕಟ್ಟಿಕೊಟ್ಟರೆ, ಆಸ್ಪತ್ರೆಯ ಒಂದು ಬಿಲ್ಲಿನಿಂದ ಮೊಮ್ಮಗನ ಹೊಸ ಬದುಕು ಕುಸಿಯದಂತೆ ಗೋಡೆ ಕಟ್ಟಿದಂತೆ.

ನಾಲ್ಕನೆಯದು ಶಿಕ್ಷಣಸಾಲ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಬಿಡುವು ಸಿಗುತ್ತದೆ. ಆದರೆ ಬಡ್ಡಿ ಬಿಡುವು ತೆಗೆದುಕೊಳ್ಳುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆರು ತಿಂಗಳ ಬಡ್ಡಿಯನ್ನು ಕಟ್ಟಿ ಅದರ ರಸೀದಿಯನ್ನು ಲಕೋಟೆಯಲ್ಲಿಟ್ಟು ಕೊಡುವ ಸೋದರತ್ತೆಯ ಉಡುಗೊರೆಗೆ ಹೊಳಪಿನ ಕಾಗದ ಬೇಡ.

ಎರಡು ಆಣೆಯ ಪಾಠ

ಹಳ್ಳ ದಾಟಿದ ಮೇಲೆ ನಡೆಯುವ ದಾರಿಯ ಮಾತು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡು ಆಣೆಯಷ್ಟು ಅಲ್ಪ ಹಣವನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ಬೀಡಿ ಕಟ್ಟುವವರು, ಸಣ್ಣ ಅಂಗಡಿಯವರು ಆ ಎರಡು ಆಣೆಯಿಂದ ಬ್ಯಾಂಕಿನ ಮೆಟ್ಟಲು ಹತ್ತಿದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಪಾಠ ಉಳಿಯಿತು. ಮೊತ್ತ ಮುಖ್ಯವಲ್ಲ, ತಪ್ಪದಿರುವುದು ಮುಖ್ಯ.

ಸಾರ್ವಜನಿಕ ಭವಿಷ್ಯನಿಧಿಯ ಖಾತೆಯನ್ನು ಅಂಚೆ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ 500 ರೂಪಾಯಿಗೆ ತೆರೆಯಬಹುದು. ಅವಧಿ 15 ವರ್ಷ. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. ಬಡ್ಡಿಯ ದರ 2020ರ ಏಪ್ರಿಲಿನಿಂದ 2025ರ ಕೊನೆಯವರೆಗೆ ಶೇಕಡ 7.1ರಲ್ಲಿತ್ತು. ವರ್ಷಕ್ಕೆ 12,000ದಂತೆ ಕಟ್ಟಿದರೆ ಆ ದರದಲ್ಲಿ 15 ವರ್ಷಕ್ಕೆ ಕಟ್ಟಿದ 1,80,000 ರೂಪಾಯಿ ಸುಮಾರು 3,25,000 ಆಗುತ್ತದೆ. ಖಾತೆಯನ್ನು ಪದವೀಧರನೇ ತೆರೆಯಬೇಕು. ಮೊದಲ ವರ್ಷದ ಹಣವನ್ನು ಹಿರಿಯರು ಕೊಡಬಹುದು. ಆದರೆ ಕ್ರಮ ತಪ್ಪಬಾರದು. ಮೊದಲು ಬೂಟು, ಬಾಡಿಗೆ. ಆಮೇಲೆ ಮೂರು ತಿಂಗಳ ಖರ್ಚಿಗಾಗುವಷ್ಟು ಕೈಗೆ ಸಿಗುವ ಹಣ. ಅದರಾಚೆಗೆ ಹದಿನೈದು ವರ್ಷದ ಮಾತು. ಹಸಿದವನಿಗೆ ತೆಂಗಿನ ಸಸಿ ಕೊಟ್ಟರೆ ಪ್ರಯೋಜನವೇನು?

ಕೊಡಬಾರದ ಉಡುಗೊರೆಗಳು

ಪಡೆದವನ ಕೊರಳಿಗೆ ಕಂತಾಗಿ ಬೀಳುವ ಉಡುಗೊರೆ ಉಡುಗೊರೆಯಲ್ಲ. ಏಜೆಂಟರಾದ ಬಂಧುಗಳೊಬ್ಬರು ಮೊದಲ ಕಂತನ್ನು ತಾವೇ ಕಟ್ಟಿ ಇಪ್ಪತ್ತು ವರ್ಷದ ಜೀವವಿಮೆಯ ಕಾಗದವನ್ನು ಕೈಗಿಟ್ಟರೆ, ಉಳಿದ ಹತ್ತೊಂಬತ್ತು ವರ್ಷ ಕಟ್ಟುವವರು ಯಾರು? ನಡುವೆ ನಿಲ್ಲಿಸಿದರೆ ಕಟ್ಟಿದ ಹಣದಲ್ಲೂ ನಷ್ಟ. ಮುಂಗಡ ಮಾತ್ರ ಕೊಟ್ಟು ಉಳಿದುದನ್ನು ಕಂತಿಗೆ ಬಿಟ್ಟ ಸ್ಕೂಟರಿನ ಕಥೆಯೂ ಅದೇ.

ಚಿನ್ನದ ಮಾತು ಸ್ವಲ್ಪ ಬೇರೆ. 2025ರಲ್ಲಿ ಗ್ರಾಮಿಗೆ ಹತ್ತು ಸಾವಿರ ದಾಟಿದ ಚಿನ್ನ ಆಪದ್ಧನವೆಂಬುದು ನಿಜ. ಆದರೆ ಒಡವೆಯಲ್ಲಿ ಮಜೂರಿಯ ಹಣ ಮರಳಿ ಬಾರದು; ನಾಣ್ಯ ಮಾರುವ ಬ್ಯಾಂಕುಗಳು ಅದನ್ನು ಮರಳಿ ಕೊಳ್ಳುವುದಿಲ್ಲ. ಅಜ್ಜಿ ಕೊಟ್ಟ ಒಂದು ಗ್ರಾಮಿನ ನಾಣ್ಯವನ್ನು ಮೊಮ್ಮಗಳು ಮಾರಲಾರಳು ಕೂಡ. ಅದು ವಾಟರ್ಸರ ತೋಳುಗುಂಡಿಗಳ ಜಾತಿಗೆ ಸೇರಿದ್ದು. ನೆನಪಿಗಾಗಿ ಕೊಡುವುದಾದರೆ ಕೊಡಲಿ. ಅದರಿಂದ ಬಾಡಿಗೆ ಸಲ್ಲುವುದೆಂದು ಭಾವಿಸದಿರಲಿ.

ಎಲ್ಲಕ್ಕಿಂತ ಕೊಡಬಾರದ್ದು ಹಂಗು. "ಅಂದು ನಾನು ಕೊಟ್ಟ ಹಣದಿಂದಲೇ ಅವನು ತಲೆಯೆತ್ತಿದ್ದು" ಎಂದು ಮದುವೆಮನೆಯ ಪಂಕ್ತಿಯಲ್ಲಿ ಆಡುವ ಒಂದು ಮಾತು, ಕೊಟ್ಟ ಹಣವನ್ನು ಬಡ್ಡಿಸಮೇತ ಕಿತ್ತುಕೊಂಡಂತೆ.

ಪುಸ್ತಕದ ಕೊನೆಯ ಸಾಲು

ಜಯನಗರದ ಆ ಮನೆಗೆ ಭಾನುವಾರ ಬೆಳಗ್ಗೆ ಹುಡುಗಿಯ ಸೋದರಮಾವ ಮತ್ತೆ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಮೂರು ಗಡಿಯಾರಗಳಲ್ಲಿ ಒಂದು ಅವರದೇ. ಅಕ್ಕನಿಂದ ವಿಷಯ ತಿಳಿದಾಗ ಅವರಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

"ನನ್ನ ಗಡಿಯಾರ ಇತ್ತ ಕೊಡಮ್ಮ, ಅಂಗಡಿಗೆ ಹಿಂದಿರುಗಿಸಿ ಬರುತ್ತೇನೆ" ಎಂದವರು, ಸಂಜೆಯ ಹೊತ್ತಿಗೆ ಆರು ಮನೆಗಳಿಗೆ ದೂರವಾಣಿ ಮಾಡಿದ್ದರು. ಇಬ್ಬರು ಮಕ್ಕಳಿಗೂ ಸೇರಿ 26,000 ರೂಪಾಯಿ ಕೂಡಿತು. ಎಂಟು ಸಾವಿರ ಹುಡುಗಿಗೆ; ಮನೆಯಿಂದ ದೂರ ಇರಬೇಕಾದ ಹುಡುಗನಿಗೆ ಹದಿನೆಂಟು.

ಹುಡುಗ ಹಣವನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತ. "ಮಾವ, ಯಾವಾಗ ಹಿಂದಿರುಗಿಸಲಿ?"

ಮಾವ ಹಳೆಯ ದಿನಚರಿಯೊಂದನ್ನು ತೆಗೆದು, ಕೊಟ್ಟವರ ಹೆಸರುಗಳನ್ನು ಒಂದರ ಕೆಳಗೊಂದು ಬರೆದರು. ಕೊನೆಯಲ್ಲಿ, ಈಗ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಕಿರಿಯವಳ ಹೆಸರನ್ನು ಬರೆದು, ಅದರ ಮುಂದೆ ಜಾಗ ಬಿಟ್ಟು, ಪುಸ್ತಕವನ್ನು ಅವನ ಕೈಗಿತ್ತರು.

"ನನಗಲ್ಲಪ್ಪ. ಇವಳು ಪದವಿ ಮುಗಿಸುವ ವರ್ಷ ಈ ಸಾಲನ್ನು ನೀವಿಬ್ಬರೂ ತುಂಬಬೇಕು. ಅಲ್ಲಿಗೆ ಲೆಕ್ಕ ಸರಿಹೋಯಿತು."

ಸೋಮವಾರ ಬೆಳಗ್ಗೆ ಹುಡುಗಿ ಹೊಸ ಬೂಟು ಕೊಳ್ಳಲು ಹೊರಟಳು. ಉಳಿದ ಎರಡು ಗಡಿಯಾರಗಳು ಒಂದೇ ಗೋಡೆಯ ಮೇಲೆ, ಐದು ನಿಮಿಷಗಳ ಅಂತರದಲ್ಲಿ, ಹತ್ತು ಗಂಟೆ ಬಾರಿಸಿದವು.